ದಸ್ತಗಿರಿ ಮೆಮೊಗೆ ಸಹಿ ಮಾಡುವ ಮುನ್ನ: ಸದಸ್ಯರ ಗಮನಕ್ಕೆ

ಸಿರುಗುಪ್ಪ ಅಥವಾ ಕುರುಗೋಡು ಕಡೆಯ ಹಳ್ಳಿಯಿಂದ ದುಡಿಯಲು ಹೋದವನೊಬ್ಬನನ್ನು ಬಳ್ಳಾರಿಯ ಕೌಲ್ ಬಜಾರಿನಲ್ಲಿ ಪೊಲೀಸರು ಕರೆದೊಯ್ದರೆಂಬ ಸುದ್ದಿ ರಾತ್ರಿ ಬಂದರೆ, ಮನೆಯವರು ಮೊದಲು ತಟ್ಟುವುದು ವಕೀಲರ ಬಾಗಿಲನ್ನಲ್ಲ, ಗ್ರಾಮ ಪಂಚಾಯಿತಿ ಸದಸ್ಯರ ಬಾಗಿಲನ್ನು. ಬಿಡಿಸಿ ತರುವ ಅಧಿಕಾರ ಸದಸ್ಯರಿಗಿಲ್ಲ. ಆದರೆ ಕಾನೂನು ಅವರಿಗೆ ಬೇರೊಂದು ಸ್ಥಾನ ನೀಡಿದೆ. ಅದು ಶಿಫಾರಸಿಗಿಂತ ತೂಕವುಳ್ಳದ್ದು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 36ನೇ ಕಲಮಿನಂತೆ, ದಸ್ತಗಿರಿ ಮಾಡುವ ಅಧಿಕಾರಿಯು ಮೆಮೊ ಸಿದ್ಧಪಡಿಸಬೇಕು. ಅದಕ್ಕೆ ಬಂಧಿತನ ಕುಟುಂಬದವರೊಬ್ಬರು ಇಲ್ಲವೇ ದಸ್ತಗಿರಿಯಾದ ಸ್ಥಳದ ಗೌರವಾನ್ವಿತ ವ್ಯಕ್ತಿಯೊಬ್ಬರು ಸಾಕ್ಷಿಯಾಗಿ ಸಹಿ ಮಾಡಬೇಕು. ಬಂಧಿತನೂ ಸಹಿ ಮಾಡಬೇಕು. ಗ್ರಾಮದೊಳಗೆ ದಸ್ತಗಿರಿ ನಡೆದಾಗ ಈ ಸಾಕ್ಷಿಯ ಸಹಿಯನ್ನು ಬಹುತೇಕ ಸದಸ್ಯರಿಂದಲೇ ಕೇಳಲಾಗುತ್ತದೆ.

ಸಹಿಗೆ ಮುನ್ನ ನೋಡಬೇಕಾದದ್ದು ಮುಖ್ಯವಾಗಿ ಒಂದೇ: ವೇಳೆ. ದಸ್ತಗಿರಿಯ ದಿನಾಂಕ ಮತ್ತು ವೇಳೆ ಮೆಮೊದಲ್ಲಿರಬೇಕೆಂದು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿಯೇ ವಿಧಿಸಿದೆ. ಸಂವಿಧಾನದ 22ನೇ ಅನುಚ್ಛೇದದಂತೆ ಬಂಧಿತನನ್ನು, ಪ್ರಯಾಣದ ಅವಧಿ ಬಿಟ್ಟು, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಸಂಜೆ 7ಕ್ಕೆ ಹಿಡಿದು ಮರುದಿನ ಬೆಳಿಗ್ಗೆ 9 ಎಂದು ಬರೆದರೆ 14 ಗಂಟೆಗಳು ದಾಖಲೆಯಿಂದ ಮಾಯವಾಗುತ್ತವೆ. ಆ ಗಂಟೆಗಳಲ್ಲಿ ಬಂಧಿತನಿಗೆ ಏನಾಯಿತೆಂದು ಮುಂದೆ ಯಾರೂ ಕೇಳಲಾಗದು. ಆದುದರಿಂದ ಖಾಲಿ ಹಾಳೆಗಾಗಲಿ, ವೇಳೆ ಬರೆಯದ ಮೆಮೊಗಾಗಲಿ ಸಹಿ ಮಾಡತಕ್ಕದ್ದಲ್ಲ.

“ಇದು ದಸ್ತಗಿರಿಯಲ್ಲ, ವಿಚಾರಣೆಗೆ ಕರೆದಿದ್ದೇವೆ” ಎಂಬ ಉತ್ತರವೂ ಬರಬಹುದು. ಆರೋಪವಿದ್ದೂ ದಸ್ತಗಿರಿ ಅಗತ್ಯವಿಲ್ಲದಿದ್ದಲ್ಲಿ 35ನೇ ಕಲಮಿನಡಿ ನೋಟಿಸು ನೀಡಬೇಕಾಗುತ್ತದೆ. ಅದರ ಪ್ರತಿಯನ್ನು ವಿನಯದಿಂದ ಕೇಳಬಹುದು. ಮಹಿಳೆಯರನ್ನು ಸೂರ್ಯಾಸ್ತದ ನಂತರ ಸೂರ್ಯೋದಯದವರೆಗೆ ಅಸಾಧಾರಣ ಸಂದರ್ಭದ ಹೊರತು ದಸ್ತಗಿರಿ ಮಾಡುವಂತಿಲ್ಲ. ಅಂತಹ ಸಂದರ್ಭದಲ್ಲಿಯೂ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆದಿರಬೇಕು.

ಇವು ಕಾಗದದ ಮಾತುಗಳಷ್ಟೇ ಎಂಬ ಸಂದೇಹ ಹಲವರಲ್ಲಿದೆ. ನಮ್ಮ ಜಿಲ್ಲೆಯೂ ಒಳಪಡುವ ಉಚ್ಚ ನ್ಯಾಯಾಲಯದ ಧಾರವಾಡ ಪೀಠವು, ಅಕಾರಣವಾಗಿ ಕೈಕೋಳ ತೊಡಿಸಲ್ಪಟ್ಟ ಕಾನೂನು ವಿದ್ಯಾರ್ಥಿಯೊಬ್ಬರಿಗೆ 2 ಲಕ್ಷ ರೂಪಾಯಿ ಪರಿಹಾರ ನೀಡುವಂತೆ 2022ರಲ್ಲಿ ಆದೇಶಿಸಿತು.

ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಡಿ ಉಚಿತ ವಕೀಲರ ನೆರವಿಗೆ ಅರ್ಹತೆಯಿದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನಾಗಲಿ ತಾಲ್ಲೂಕು ಸಮಿತಿಯನ್ನಾಗಲಿ ಸಂಪರ್ಕಿಸಬಹುದು, ಸಹಾಯವಾಣಿ 15100. ಈ ಸಂಖ್ಯೆಯನ್ನು ಪಂಚಾಯಿತಿ ಕಚೇರಿಯ ಸೂಚನಾ ಫಲಕದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆಸುವುದು.