ನಂಬರ್ ಬಂತು, ನೋಟ್ಸ್ ಬರಲಿಲ್ಲ

2011ರ ಜನವರಿ 20ರಂದು ನಮ್ಮ ದೇಶದಾದ್ಯಂತ ಒಂದು ಒಳ್ಳೆಯ ಸೌಲಭ್ಯ ಬಂತು. ಕಂಪನಿ ಬದಲಾಯಿಸಿದರೂ ಮೊಬೈಲ್ ನಂಬರ್ ಅದೇ ಇಟ್ಟುಕೊಳ್ಳಬಹುದು. ಅದಕ್ಕೆ ಮುಂಚೆ ಸಿಮ್ ಬದಲಾದರೆ ನಂಬರೂ ಬದಲು, ಬೀಗರು-ಬಿಜ್ಜರಿಗೆಲ್ಲ ಫೋನ್ ಮಾಡಿ ಹೊಸ ನಂಬರ್ ಒಪ್ಪಿಸಬೇಕಿತ್ತು. ಈಗ ಆ ರಗಳೆ ಇಲ್ಲ. ಆದರೆ ಫೋನಿನೊಳಗೆ ನಾವು ಬರೆದಿಟ್ಟ ಟಿಪ್ಪಣಿಗಳಿಗೆ ಈ ಭಾಗ್ಯ ಇನ್ನೂ ಪೂರ್ತಿ ಬಂದಿಲ್ಲ. ಆಂಡ್ರಾಯ್ಡ್ ಫೋನಿನಿಂದ ಐಫೋನಿಗೆ, ಅಥವಾ ಅಲ್ಲಿಂದ ಇಲ್ಲಿಗೆ ಜಿಗಿದವರಿಗೆ ಇದರ ಬಿಸಿ ಗೊತ್ತು.

ಬೆಂಗಳೂರಿನಲ್ಲಿರುವ ಮಗ ಹೊಸ ಫೋನ್ ಕೊಂಡು ತನ್ನ ಹಳೆಯ ಐಫೋನನ್ನು ನನಗೆ ಕೊಟ್ಟ. ನನ್ನ ಆಂಡ್ರಾಯ್ಡ್ ಫೋನಿನ ಬ್ಯಾಟರಿ ಮಧ್ಯಾಹ್ನದ ಊಟದ ಹೊತ್ತಿಗೇ ಮಲಗಿಬಿಡುತ್ತಿತ್ತು, ಹಾಗಾಗಿ ಖುಷಿಯಿಂದಲೇ ತಗೊಂಡೆ. ‘ಮೂವ್ ಟು ಐಒಎಸ್’ ಎನ್ನುವ ಆ್ಯಪ್ ಇದೆ, ಆ್ಯಪಲ್ ಕಂಪನಿಯದೇ. ಸಂಪರ್ಕ ಪಟ್ಟಿ, ಸಂದೇಶ, ಫೋಟೊ, ಕ್ಯಾಲೆಂಡರ್, 2022ರಿಂದೀಚೆಗೆ ವಾಟ್ಸ್ಆ್ಯಪ್ ಮಾತುಕತೆ ಕೂಡ, ಎಲ್ಲವನ್ನೂ ಅದು ಹೊತ್ತು ತರುತ್ತದೆ. ತಂದಿತು. ಎಂಟನೇ ಕ್ಲಾಸಿನ ನನ್ನ ಮೊಮ್ಮಗಳು ಹೊಸ ಫೋನನ್ನು ಅತ್ತಿತ್ತ ಸರಿಸಿ ನೋಡಿ ಕೇಳಿದಳು: “ಅಜ್ಜಾ, ನಿನ್ನ ನೋಟ್ಸ್ ಎಲ್ಲ್ಯವ?”

ಎಲ್ಲೂ ಇರಲಿಲ್ಲ. ಹಳೆಯ ಫೋನಿನ ಜೊತೆಗೇ ಬಂದಿದ್ದ ಒಂದು ಟಿಪ್ಪಣಿ ಆ್ಯಪ್‌ನಲ್ಲಿ ನಾನು ವರ್ಷಗಟ್ಟಲೆ ಬರೆದಿದ್ದೆ. ಆ ಆ್ಯಪ್ ಐಫೋನಿಗೆ ಸಿಗುವುದೇ ಇಲ್ಲ. ಪುಣ್ಯಕ್ಕೆ ಹಳೆಯ ಫೋನ್ ಇನ್ನೂ ಕೈಯಲ್ಲಿತ್ತು, ಚಾರ್ಜರ್ ಸಿಕ್ಕಿಸಿದರೆ ಉಸಿರಾಡುತ್ತಿತ್ತು.

ಏನಿತ್ತು ಅದರಲ್ಲಿ ಅಂತೀರಾ? ಮಾತ್ರೆಗಳ ಹೆಸರು, ಹಾಲಿನ ಲೆಕ್ಕ, ಗೊಬ್ಬರದ ಚೀಲದ ಲೆಕ್ಕ, ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ದಿನ, ನಿಲ್ಲಿಸಿದ ದಿನ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿ ಹೋಯಿತಲ್ಲ, ಆಗ ಭತ್ತ ನಾಟಿ ಮಾಡಿದವರ ಮುಖ ಹೇಗಿತ್ತು, ಚಹಾ ಅಂಗಡಿಯಲ್ಲಿ ಯಾರು ಏನಂದರು ಎಂದು ದಿನಕ್ಕೊಂದರಂತೆ ಬರೆದದ್ದೂ ಇತ್ತು. ಇವೆಲ್ಲ ಹೋಗಿದ್ದರೂ ಹೇಗೋ ತಡೆದುಕೊಳ್ಳಬಹುದಿತ್ತು. ಇನ್ನೊಂದು ಇತ್ತು.

ನಮ್ಮ ಆರ್.ಎಚ್. ಕ್ಯಾಂಪ್ ಬಗ್ಗೆ ಗೊತ್ತಿಲ್ಲದ ಓದುಗರಿಗೆ ಒಂದು ಮಾತು. ಆರ್.ಎಚ್. ಎಂದರೆ ರಿಹ್ಯಾಬಿಲಿಟೇಶನ್, ಪುನರ್ವಸತಿ. ಈಗ ಬಾಂಗ್ಲಾದೇಶವಾಗಿರುವ ಆಗಿನ ಪೂರ್ವ ಪಾಕಿಸ್ತಾನದಿಂದ ಎಲ್ಲ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ ಸಿಂಧನೂರು ತಾಲ್ಲೂಕಿನ ಈ ಕ್ಯಾಂಪ್‌ಗಳಲ್ಲಿ ನೆಲೆ ಸಿಕ್ಕಿತು. ಇಲ್ಲಿ ಒಂದು ಮನೆಯಲ್ಲಿ ಜೋಳದ ರೊಟ್ಟಿ ತಟ್ಟುವ ಸದ್ದು ಕೇಳಿದರೆ ಪಕ್ಕದ ಮನೆಯಿಂದ ಸಾಸಿವೆ ಎಣ್ಣೆಯಲ್ಲಿ ಮೀನು ಕರಿಯುವ ವಾಸನೆ ಬರುತ್ತದೆ. ಆ ಮನೆಗಳ ಮಕ್ಕಳು ಕನ್ನಡ ಶಾಲೆಯಲ್ಲಿ ಓದಿ ನಮಗಿಂತ ಚೆನ್ನಾಗಿ ರಾಯಚೂರು ಕನ್ನಡ ಮಾತಾಡುತ್ತಾರೆ.

ನಮ್ಮ ಓಣಿಯಲ್ಲಿ ಒಬ್ಬ ಬಂಗಾಳಿ ಅಜ್ಜಿ ಇದ್ದರು. ಸಂಜೆ ಕಟ್ಟೆಯ ಮೇಲೆ ಕೂತು ತಾವು ಹುಟ್ಟಿದ ಊರಿನ ಕಥೆ ಹೇಳುತ್ತಿದ್ದರು. ಮನೆಯ ಹಿಂದಿನ ಕೊಳ, ದೋಣಿ ಕಟ್ಟುತ್ತಿದ್ದ ಮರ, ಊರು ಬಿಟ್ಟ ದಿನ ಒಲೆಯ ಮೇಲೆ ಏನು ಬೇಯುತ್ತಿತ್ತು ಎನ್ನುವುದು. ಅವರ ಅರ್ಧ ಕನ್ನಡ, ಅರ್ಧ ಬಂಗಾಳಿಯನ್ನು ನಾನು ಕನ್ನಡ ಅಕ್ಷರದಲ್ಲಿ ಕೇಳಿದ ಹಾಗೆಯೇ ಫೋನಿನಲ್ಲಿ ಬರೆದುಕೊಳ್ಳುತ್ತಿದ್ದೆ. ಅಂಥವು 31 ಟಿಪ್ಪಣಿ. ಅಜ್ಜಿ ಈಗ ಇಲ್ಲ. ಅವರ ಮೊಮ್ಮಗ ಒಂದು ಸಲ ಬಂದು, “ಅಂಕಲ್, ಅಜ್ಜಿ ಹೇಳಿದ್ದು ನಿಮ್ಮ ಹತ್ರ ಐತಂತಲ್ಲ, ನನಗ ಕೊಡ್ರಿ” ಎಂದು ಕೇಳಿಹೋಗಿದ್ದ. ಕೊಡುತ್ತೇನೆ ಅಂದಿದ್ದೆ. ಹಾಗಾಗಿ ಇದು ಬರೀ ಹಾಲಿನ ಲೆಕ್ಕದ ಪ್ರಶ್ನೆಯಾಗಿರಲಿಲ್ಲ.

ಬೇಸಿಗೆ ರಜೆ. ನಾನೂ ಮೊಮ್ಮಗಳೂ ಹೊಸ ಟಿಪ್ಪಣಿ ಆ್ಯಪ್ ಹುಡುಕಲು ಕೂತೆವು. ಹುಡುಕಿದರೆ ಒಂದೆರಡಲ್ಲ, ಸಂತೆಯೇ ಇದೆ.

ಐಫೋನಿನಲ್ಲಿ ಅದರದೇ ‘ನೋಟ್ಸ್’ ಇದೆ. ನೋಡಲು ಚೆಂದ, ಕಾಗದ ಸ್ಕ್ಯಾನ್ ಮಾಡಬಹುದು, ಬೇಕಾದ ಟಿಪ್ಪಣಿಗೆ ಬೀಗ ಹಾಕಬಹುದು. ಆದರೆ ನಾಳೆ ಮತ್ತೆ ಆಂಡ್ರಾಯ್ಡ್‌ಗೆ ಹೋದರೆ ಅಲ್ಲಿ ಈ ಆ್ಯಪ್ ಇಲ್ಲ, ಬ್ರೌಸರ್‌ನಲ್ಲಿ ಐಕ್ಲೌಡ್ ತೆರೆದು ನೋಡಬೇಕು. ಒಂದು ಬೇಲಿ ಹಾರಿ ಇನ್ನೊಂದು ಬೇಲಿಯೊಳಗೆ ಕೂತಂತೆ. ಮೈಕ್ರೊಸಾಫ್ಟ್‌ನ ‘ಒನ್‌ನೋಟ್’ ಎರಡೂ ಕಡೆ ಸಿಗುತ್ತದೆ, ಹಾಳೆಯಲ್ಲಿ ಎಲ್ಲಿ ಬೇಕಾದರೂ ಬರೆಯಬಹುದು. ಕಾಲೇಜು ಹುಡುಗರಿಗೆ ಒಳ್ಳೆಯದು. ಹಾಲಿನ ಲೆಕ್ಕಕ್ಕೆ ಅದು ಲಾರಿಯಲ್ಲಿ ಲಿಂಬೆಹಣ್ಣು ತಂದ ಹಾಗೆ.

‘ಎವರ್‌ನೋಟ್’ ಕಥೆ ಸ್ವಲ್ಪ ಕೇಳಿ, ಇದರಲ್ಲಿ ಪಾಠ ಇದೆ. 2008ರಲ್ಲಿ ಜನರಿಗೆ ಸಿಕ್ಕಿದ ಈ ಆ್ಯಪ್ ಒಂದು ಕಾಲಕ್ಕೆ ಇವೆಲ್ಲಕ್ಕೂ ಹಿರಿಯಣ್ಣ. 2016ರಲ್ಲಿ ಉಚಿತ ಖಾತೆಗೆ ಎರಡೇ ಸಾಧನ ಎಂದು ಮಿತಿ ಹಾಕಿತು. ಆಮೇಲೆ ಇಟಲಿಯ ಬೆಂಡಿಂಗ್ ಸ್ಪೂನ್ಸ್ ಎನ್ನುವ ಕಂಪನಿ ಅದನ್ನು ಕೊಂಡಿತು. 2023ರ ಕೊನೆಗೆ ಉಚಿತ ಖಾತೆಯವರಿಗೆ 50 ಟಿಪ್ಪಣಿ, ಒಂದೇ ನೋಟ್‌ಬುಕ್ ಎಂದಾಯಿತು. ಕಂಪನಿಗೂ ಹೊಟ್ಟೆ ಇದೆ, ತಪ್ಪೆನ್ನಲಾರೆ. ಗೂಗಲ್ ಕೂಡ ‘ಗೂಗಲ್ ನೋಟ್‌ಬುಕ್’ ಎನ್ನುವುದನ್ನು 2006ರಲ್ಲಿ ತೆರೆದು 2012ರಲ್ಲಿ ಮುಚ್ಚಿತ್ತು. ಮರುವರ್ಷ ಮಾರ್ಚ್‌ನಲ್ಲಿ ‘ಗೂಗಲ್ ಕೀಪ್’ ತಂದಿತು. ಆದ್ದರಿಂದ ಆ್ಯಪ್ ಎಷ್ಟು ಚೆಂದ ಎಂದು ಕೇಳುವುದಕ್ಕಿಂತ, ಅದು ಬಾಗಿಲು ಹಾಕಿದ ದಿನ ನನ್ನ ಸಾಮಾನು ಹೊರಗೆ ತರಲು ಬಿಡುತ್ತದೆಯೇ ಎಂದು ಮೊದಲು ಕೇಳಬೇಕು.

ಕನ್ನಡದವರಿಗೆ ಈ ಕಷ್ಟ ಹೊಸದಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಬಂದ ಹೊಸತರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, 1998ರಲ್ಲಿ. ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಿಂದ ಎಷ್ಟೋ ಜನ ಕನ್ನಡ ಟೈಪಿಂಗ್ ಕಲಿತರು. ದೊಡ್ಡ ಉಪಕಾರ. ಆದರೆ ಆಗಿನ ಫಾಂಟ್‌ಗಳಲ್ಲಿ ಕನ್ನಡದ ರೂಪಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದರು. ಅದೇ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ‘ಕನ್ನಡ’ ಎಂಬ ಪದ ಇರಬೇಕಾದಲ್ಲಿ ವಕ್ರವಕ್ರ ಇಂಗ್ಲಿಷ್ ಅಕ್ಷರ, ನಡುವೆ ಒಂದು ಪೌಂಡ್ ಚಿಹ್ನೆ! ಹಳೆಯ ಸೀಡಿಗಳಲ್ಲಿ ಇಂಥ ಕಡತ ಈಗಲೂ ಸಿಗುತ್ತವೆ.

ಇದನ್ನು ಬಿಡಿಸಿದ್ದು ಯೂನಿಕೋಡ್. ಮಕ್ಕಳೇ, ಇದು ಬಹಳ ಸರಳ. ಪ್ರತಿ ಅಕ್ಷರಕ್ಕೂ ಇಡೀ ಜಗತ್ತು ಒಪ್ಪಿದ ಒಂದು ಖಾತೆ ನಂಬರ್. ‘ಅ’ಗೆ 3205. ‘ಕ’ಗೆ 3221, ‘ಖ’ಗೆ 3222. ಆಂಡ್ರಾಯ್ಡ್ ಆಗಲಿ, ಐಫೋನ್ ಆಗಲಿ, 3221 ಅಂದರೆ ‘ಕ’ವೇ. ಬಂಗಾಳಿ ಅಕ್ಷರಗಳಿಗೂ ಹೀಗೇ ಬೇರೆ ನಂಬರ್‌ಗಳಿವೆ. ನಾನು ಅಜ್ಜಿಯ ಮಾತು ಬರೆದದ್ದು ಯೂನಿಕೋಡ್‌ನಲ್ಲಿ, ಆದ್ದರಿಂದ ಅಕ್ಷರ ಕೆಡುವ ಭಯ ಇರಲಿಲ್ಲ. ಅವುಗಳನ್ನು ಹೊರಗೆ ತರುವ ದಾರಿಯಷ್ಟೇ ಬೇಕಿತ್ತು.

ಹಳೆಯ ಆ್ಯಪ್‌ನಲ್ಲಿ ಪಿಡಿಎಫ್ ಮಾಡುವ ಸೌಲಭ್ಯ ಇತ್ತು. ಮೊಮ್ಮಗಳು ಅದನ್ನೇ ಒತ್ತಿ, “ಆಯ್ತು ನೋಡು” ಅಂದಳು. ಪಿಡಿಎಫ್ ಓದಲು ಸರಿ, ಮುದ್ರಿಸಲು ಸರಿ. ಆದರೆ ಅದರಿಂದ ಕನ್ನಡವನ್ನು ಮತ್ತೆ ಕಾಪಿ ಮಾಡಿ ನೋಡಿ, ಎಷ್ಟೋ ಸಲ ಒತ್ತಕ್ಷರ ಒಂದು ಕಡೆ, ಕೊಂಬು ಇನ್ನೊಂದು ಕಡೆ ಬಿದ್ದಿರುತ್ತದೆ. ಆದ್ದರಿಂದ ಬರೀ ಅಕ್ಷರದ ಕಡತ, ಅಂದರೆ ಟೆಕ್ಸ್ಟ್ ಫೈಲ್ ಆಗಿ ತೆಗೆಯುವುದೇ ಮೇಲು. ಬಣ್ಣ ಇಲ್ಲ, ಅಲಂಕಾರ ಇಲ್ಲ, ಯಾವ ಯಂತ್ರದಲ್ಲೂ ತೆರೆಯುತ್ತದೆ.

ಇನ್ನು ಹೊಸ ಆ್ಯಪ್‌ಗಳ ಪರೀಕ್ಷೆ. ನಮ್ಮ ಪ್ರಶ್ನೆಪತ್ರಿಕೆ ಮೊಮ್ಮಗಳದೇ. ಮೊದಲು ‘ಸ್ವಾತಂತ್ರ್ಯ, ರಾಷ್ಟ್ರ, ಕರ್ಣ, ಜ್ಞಾನ’ ಎಂದು ಬರೆಯುವುದು, ಅರ್ಕಾವತ್ತು ಒತ್ತು ಎಲ್ಲ ಜಾಗದಲ್ಲಿ ಕೂತಿವೆಯೇ ನೋಡುವುದು. ಆಮೇಲೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ನೆಟ್ ಇಲ್ಲದೆಯೂ ಟಿಪ್ಪಣಿ ತೆರೆಯುತ್ತದೆಯೇ ನೋಡುವುದು. ನಮ್ಮ ಕಡೆ ಹೊಲಕ್ಕೆ ಹೋದರೆ ಸಿಗ್ನಲ್ ದೇವರಿಗೇ ಪ್ರೀತಿ, ಹಾಗಾಗಿ ಇದು ಮುಖ್ಯ. ಮೂರನೆಯದು ಕನ್ನಡದಲ್ಲಿ ಹುಡುಕುವುದು. ‘ಗೋಧಿ’ ಎಂದು ಬರೆದು ‘ಗೋದಿ’ ಎಂದು ಹುಡುಕಿದರೆ ಯಾವ ಆ್ಯಪ್ಪೂ ಸಿಕ್ಕಿತು ಅನ್ನಲಿಲ್ಲ, ಅದು ನಮ್ಮ ಕಾಗುಣಿತದ ಕಥೆ. ಕೊನೆಗೆ ಒಂದು ಟಿಪ್ಪಣಿಯನ್ನು ಹೊರಗೆ ಕಳಿಸಿ ನೋಡುವುದು. ಈ ಕೊನೆಯದನ್ನು ಮೊದಲ ದಿನವೇ ಮಾಡಬೇಕು, ಸಾವಿರ ಟಿಪ್ಪಣಿ ತುಂಬಿದ ಮೇಲಲ್ಲ.

‘ಸಿಂಪಲ್‌ನೋಟ್’ ಹೆಸರಿಗೆ ತಕ್ಕಂತೆ ಸರಳ, ಅಕ್ಷರ ಮಾತ್ರ, ಫೋಟೊ ಹಾಕಲು ಆಗುವುದಿಲ್ಲ. ‘ಜೋಪ್ಲಿನ್’ ನನಗೆ ಬಹಳ ಹಿಡಿಸಿತು. ಅದರ ಮೂಲ ಸಂಕೇತ ಎಲ್ಲರಿಗೂ ಮುಕ್ತ, ಎವರ್‌ನೋಟ್‌ನಿಂದ ತೆಗೆದದ್ದನ್ನೂ ಒಳಗೆ ತಗೊಳ್ಳುತ್ತದೆ. ಆದರೆ ಎರಡು ಸಾಧನಗಳಲ್ಲಿ ಒಂದೇ ಟಿಪ್ಪಣಿ ಕಾಣಬೇಕಾದರೆ ಡ್ರಾಪ್‌ಬಾಕ್ಸ್‌ಗೋ ಒನ್‌ಡ್ರೈವ್‌ಗೋ ನಾವೇ ಜೋಡಿಸಬೇಕು. ಮನೆಯಲ್ಲಿ ಒಬ್ಬ ಚುರುಕು ಮೊಮ್ಮಗ ಇದ್ದರೆ ಅಜ್ಜಂದಿರು ಧೈರ್ಯ ಮಾಡಬಹುದು. ವಾಟ್ಸ್ಆ್ಯಪ್‌ನಲ್ಲಿ ನಮಗೆ ನಾವೇ ಸಂದೇಶ ಕಳಿಸಿಕೊಳ್ಳುವ ಸೌಲಭ್ಯ 2022ರಲ್ಲಿ ಬಂತು. ನಮ್ಮ ಕ್ಯಾಂಪ್‌ನಲ್ಲಿ ಬಹಳ ಜನರ ಟಿಪ್ಪಣಿ ಪುಸ್ತಕ ಅದೇ. ಸಾಮಾನಿನ ಪಟ್ಟಿಗೆ ಸಾಕು. ಆದರೆ ವರ್ಷದ ಹಿಂದಿನದನ್ನು ಹುಡುಕುವುದು ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದ ಹಾಗೆ.

ದಿನನಿತ್ಯದ ಬಳಕೆಗೆ ಕೊನೆಗೆ ಆರಿಸಿದ್ದು ಗೂಗಲ್ ಕೀಪ್. ಕಾರಣ ದೊಡ್ಡದೇನಲ್ಲ. ಆಂಡ್ರಾಯ್ಡ್‌ನಲ್ಲೂ ಐಫೋನಿನಲ್ಲೂ ಬ್ರೌಸರ್‌ನಲ್ಲೂ ಒಂದೇ ಟಿಪ್ಪಣಿ ಕಾಣುತ್ತದೆ, ಪಟ್ಟಿಯಲ್ಲಿ ಮುಗಿದದ್ದಕ್ಕೆ ಗುರುತು ಹಾಕಬಹುದು, ನನ್ನ ಹೆಂಡತಿಯ ಫೋನಿಗೂ ಹಂಚಬಹುದು. ‘ಗೂಗಲ್ ಟೇಕ್‌ಔಟ್’ ಎನ್ನುವಲ್ಲಿಗೆ ಹೋದರೆ ಎಲ್ಲವನ್ನೂ ಒಂದೇ ಗಂಟು ಕಟ್ಟಿ ಕೊಡುತ್ತದೆ. ಟಿಪ್ಪಣಿಗೆ ಪ್ರತ್ಯೇಕ ಬೀಗ ಇಲ್ಲ ಎನ್ನುವುದು ಅದರ ಕೊರತೆ. ಬೀಗ ಇರಲಿ ಬಿಡಲಿ, ಬ್ಯಾಂಕಿನ ಕೌಂಟರಿನಲ್ಲಿ ಆಯುಷ್ಯ ಕಳೆದವನ ಮಾತು ಕೇಳಿ: ಎಟಿಎಂ ಪಿನ್, ಪಾಸ್‌ವರ್ಡ್, ಇವನ್ನು ಯಾವ ಟಿಪ್ಪಣಿ ಆ್ಯಪ್‌ನಲ್ಲೂ ಬರೆಯಬೇಡಿ. ‘ಹಸು ಮಾರಿದ್ದು 4 ಸಾವಿರ’ ಎಂದು ಗುಪ್ತವಾಗಿ ಬರೆಯುವ ಜಾಣರೂ ಇದ್ದಾರೆ, ಅದೂ ಬೇಡ.

ಸಾಗಿಸುವ ಕೆಲಸಕ್ಕೆ ಮೂರು ಸಂಜೆ ಹಿಡಿಯಿತು. ಹಳೆಯ ಫೋನಿನಲ್ಲೂ ಕೀಪ್ ಹಾಕಿ, ಒಂದೊಂದೇ ಟಿಪ್ಪಣಿಯನ್ನು ‘ಶೇರ್’ ಒತ್ತಿ ಅದಕ್ಕೆ ಕಳಿಸಿದೆವು. ಅತ್ತ ಕಳಿಸಿದ್ದು ಇತ್ತ ಐಫೋನಿನಲ್ಲಿ ಮೂಡುತ್ತಿತ್ತು. ಮೊಮ್ಮಗಳು ಒತ್ತುವವಳು, ನಾನು ಎಣಿಸುವವನು. ನಮ್ಮ ಕಾಲದಲ್ಲಿ ಬ್ಯಾಂಕಿನ ಲೆಡ್ಜರ್ ತುಂಬಿದರೆ ಹೊಸ ಲೆಡ್ಜರ್‌ಗೆ ಶಿಲ್ಕು ಒಯ್ಯುತ್ತಿದ್ದೆವು. ಒಬ್ಬ ಓದಬೇಕು, ಇನ್ನೊಬ್ಬ ಟಿಕ್ ಹಾಕಬೇಕು, ಒಟ್ಟು ತಾಳೆಯಾಗುವ ತನಕ ಮನೆಗೆ ಹೋಗುವಂತಿಲ್ಲ. ಇಲ್ಲೂ ಹಾಗೆಯೇ. ಹಳೆಯದರಲ್ಲಿ 214, ಹೊಸದರಲ್ಲಿ 211.

ಮೂರು ಕಡಿಮೆ! ಮೊಮ್ಮಗಳು, “ಮೂರ ತಾನೇ, ಬಿಡಜ್ಜ” ಅಂದಳು. ಬಿಟ್ಟರೆ ಹೇಗೆ? ಪಟ್ಟಿ ಹಿಡಿದು ಮೊದಲಿಂದ ಬಂದೆವು. ಆ ಮೂರರಲ್ಲಿ ಅಕ್ಷರವೇ ಇರಲಿಲ್ಲ, ಬೆರಳಿನಿಂದ ಗೀಚಿದ ಚಿತ್ರಗಳವು. ಅಕ್ಷರವಾಗಿ ಕಳಿಸಿದಾಗ ಹೋಗಿರಲಿಲ್ಲ. ಒಂದು ನಮ್ಮ ಹೊಲದ ಬದುವಿನ ನಕ್ಷೆ. ಇನ್ನೊಂದು ಮೊಮ್ಮಗಳೇ ಚಿಕ್ಕವಳಿದ್ದಾಗ ಬಿಡಿಸಿದ ಬೆಕ್ಕು. ಮೂರನೆಯದು ಆ ಬಂಗಾಳಿ ಅಜ್ಜಿ ತಾವೇ ನನ್ನ ಫೋನ್ ಇಸಿದುಕೊಂಡು ನಡುಗುವ ಬೆರಳಿನಲ್ಲಿ ಎಳೆದದ್ದು: ಒಂದು ಚೌಕ ಮನೆ, ಹಿಂದೆ ದುಂಡಗೆ ಕೊಳ, ಪಕ್ಕದಲ್ಲಿ ಉದ್ದಕ್ಕೆ ನದಿ. ಅವುಗಳನ್ನು ಚಿತ್ರವಾಗಿ ಉಳಿಸಿ ಫೋಟೊ ಕಳಿಸುವ ಹಾಗೆ ಕಳಿಸಿದೆವು. 214 ತಾಳೆಯಾಯಿತು. ಬೆಕ್ಕಿನ ಬಾಲ ಮಾತ್ರ ಚಿತ್ರದ ಅಂಚಿನಲ್ಲಿ ಕತ್ತರಿಸಿಹೋಗಿದೆ ಎಂದು ಮೊಮ್ಮಗಳ ತಕರಾರು.

ಅಜ್ಜಿಯ 31 ಟಿಪ್ಪಣಿಗಳನ್ನು ಕೀಪ್ ಒಂದಕ್ಕೇ ಒಪ್ಪಿಸಲು ನನಗೆ ಮನಸ್ಸಾಗಲಿಲ್ಲ. ಅವನ್ನು ಟೆಕ್ಸ್ಟ್ ಫೈಲ್ ಮಾಡಿ, ದಿನಾಂಕದ ಕ್ರಮದಲ್ಲಿ ಹೆಸರಿಟ್ಟು, ಒಂದು ಪೆನ್‌ಡ್ರೈವ್‌ಗೆ ಹಾಕಿದೆ. ಸಿಂಧನೂರಿನಲ್ಲಿ ಮುದ್ರಿಸಿ, ಕೊನೆಗೆ ಆ ಚಿತ್ರವನ್ನೂ ಸೇರಿಸಿ ದಾರ ಹೊಲಿಸಿದೆ. ಒಂದು ಪ್ರತಿ ನನ್ನ ಟ್ರಂಕಿನಲ್ಲಿದೆ. ಇನ್ನೊಂದನ್ನು ಆ ಹುಡುಗನಿಗೆ ಕೊಟ್ಟು ಬಂದೆ. ಅವನ ಅಪ್ಪ ಕೂಡ ಹೊರಗೆ ಬಂದು ಕೊನೆಯ ಪುಟ ತೆಗೆದು ಬಹಳ ಹೊತ್ತು ನೋಡಿದರು. ಬಂಗಾಳಿ ಪದಗಳನ್ನು ನಾನು ಕನ್ನಡದಲ್ಲಿ ಬರೆದ ರೀತಿಯಲ್ಲಿ ಎರಡು ಕಡೆ ಉಚ್ಚಾರ ಸರಿಯಿಲ್ಲವಂತೆ. ಪೆನ್ಸಿಲ್‌ನಲ್ಲಿ ತಿದ್ದಿ ಕೊಡುತ್ತೇನೆ ಅಂದಿದ್ದಾರೆ. ಈ ಭಾನುವಾರ ಹೋಗಿ ಇಸಿದುಕೊಂಡು ಬರಬೇಕು, ಫೈಲಿನಲ್ಲೂ ತಿದ್ದಬೇಕಲ್ಲ.