ಯಾರಲ್ಲಿ ಕ್ಷಮೆ ಕೇಳಿದರು?

ಕೋಲಾರ ಜಿಲ್ಲೆ ಎಂದರೆ ಚಿನ್ನದ ಗಣಿ, ರೇಷ್ಮೆ, ಹಾಲು, ಟೊಮ್ಯಾಟೊ, ಶ್ರೀನಿವಾಸಪುರದ ಮಾವು ಎಂದು ನಾವೆಲ್ಲ ಪ್ರೈಮರಿ ಶಾಲೆಯಿಂದ ಪ್ರಬಂಧ ಬರೆಯುತ್ತಾ ಬಂದಿದ್ದೇವೆ. ಈ ಪಟ್ಟಿಗೆ ಇನ್ನೊಂದನ್ನು ಸೇರಿಸಬಹುದು. ಈಚಿನ ವರ್ಷಗಳಲ್ಲಿ ಇಡೀ ದೇಶ ಜಗಳವಾಡಿದ ಎರಡು ಮಾತುಗಳು ನಮ್ಮ ಜಿಲ್ಲೆಗೆ ಸೇರಿದವು. ಒಂದನ್ನು ರಾಹುಲ್ ಗಾಂಧಿಯವರು ಕೋಲಾರದ ಚುನಾವಣಾ ಸಭೆಯಲ್ಲಿ ಆಡಿದರು. ಇನ್ನೊಂದನ್ನು ಆಗ ಶ್ರೀನಿವಾಸಪುರದ ಶಾಸಕರಾಗಿದ್ದ ಕೆ.ಆರ್. ರಮೇಶ್ ಕುಮಾರ್ ಅವರು ಬೆಳಗಾವಿಯ ಸುವರ್ಣಸೌಧದಲ್ಲಿ ಆಡಿದರು. ಮೊದಲನೆಯವರು ಕ್ಷಮೆ ಕೇಳಲಿಲ್ಲ. ಎರಡನೆಯವರು ಅದೇ ದಿನ ಕೇಳಿದರು.

ಇದನ್ನು ಬರೆಯಬೇಕು ಅನ್ನಿಸಿದ್ದು ಒಂದು ಬಸ್ಸಿನಲ್ಲಿ. ರಜೆಯಲ್ಲಿ ಶ್ರೀನಿವಾಸಪುರದ ಮಾಮು ಮನೆಗೆ ಹೋಗಿ ನಾನು, ಅಮ್ಮಿ, ತಂಗಿ ಕೋಲಾರಕ್ಕೆ ವಾಪಸ್ ಬರುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಇಬ್ಬರು ದೊಡ್ಡವರು ರಾಜಕೀಯ ಶುರು ಮಾಡಿದರು. ಒಬ್ಬರು "ಸ್ವಾಮಿ" ಕಡೆಯವರು (ಶ್ರೀನಿವಾಸಪುರದಲ್ಲಿ ರಮೇಶ್ ಕುಮಾರ್ ಅವರನ್ನು ಹಾಗೆ ಕರೆಯುವವರು ಬಹಳ ಜನ), ಇನ್ನೊಬ್ಬರು ವಿರೋಧಿ. ವಿರೋಧಿಯವರು ಆ ಹಳೇ ಮಾತನ್ನು ಎತ್ತಿದರು, ಪೂರ್ತಿಯಾಗಿ, ಗಟ್ಟಿಯಾಗಿ. ಸ್ವಾಮಿ ಕಡೆಯವರು ಅದರ ಅರ್ಥ ಹಾಗಲ್ಲ ಎಂದು ವಿವರಿಸಲು ಮತ್ತೊಮ್ಮೆ ಪೂರ್ತಿ ಹೇಳಿದರು. ಹೀಗೇ ನಾಲ್ಕೈದು ಸಲ ಆಯಿತು. ಅಮ್ಮಿಗೆ ಕನ್ನಡ ಅಷ್ಟಾಗಿ ಬರುವುದಿಲ್ಲ. "ಕ್ಯಾ ಬೋಲ್‌ರೇಂ ಉನೋ?" ಅಂತ ನನ್ನನ್ನು ಕೇಳಿದರು. "ಎಲೆಕ್ಷನ್ ಕೀ ಬಾತಾಂ" ಅಂದೆ. ಸುಳ್ಳೇನಲ್ಲ. ಆದರೆ ನನಗೆ ತಲೆ ಎತ್ತಲು ಆಗಲಿಲ್ಲ. ಏಳನೇ ಕ್ಲಾಸಿನ ತಂಗಿಗೆ ಕನ್ನಡ ಚೆನ್ನಾಗಿ ಬರುತ್ತದೆ.

ಮೊದಲು ನಡೆದದ್ದನ್ನು ಹೇಳುತ್ತೇನೆ. 2021ರ ಡಿಸೆಂಬರ್ 16, ಬೆಳಗಾವಿ ಅಧಿವೇಶನ. ಮಳೆ ಹಾನಿ, ರೈತರ ಕಷ್ಟದ ಬಗ್ಗೆ ಮಾತನಾಡಲು ಶಾಸಕರೆಲ್ಲ ಸಮಯ ಕೇಳುತ್ತಿದ್ದರು. ಸ್ಪೀಕರ್ ವಿಶ್ವೇಶ್ವರ ಹೆಗಡೆ ಕಾಗೇರಿಯವರು, ಇನ್ನು ಯಾರನ್ನೂ ತಡೆಯಲಾಗದು, ಆಗುವುದನ್ನು ಅನುಭವಿಸೋಣ ಎಂಬ ಧಾಟಿಯಲ್ಲಿ ಬೇಸತ್ತು ಮಾತನಾಡಿದರು. ರಮೇಶ್ ಕುಮಾರ್ ಎದ್ದು, ಒಂದು ಹೇಳಿಕೆ ಇದೆ ಎಂದು ಅತ್ಯಾಚಾರದ ಬಗೆಗಿನ ಇಂಗ್ಲಿಷ್ ಮಾತೊಂದನ್ನು ಹೇಳಿ, ನಿಮ್ಮ ಸ್ಥಿತಿ ಈಗ ಅದೇ ಎಂದರು. ಆ ಮಾತನ್ನು ನಾನು ಇಲ್ಲಿ ಪೂರ್ತಿ ಬರೆಯುವುದಿಲ್ಲ, ಬಸ್ಸಿನಲ್ಲಿ ಕೇಳಿದ್ದೇ ಸಾಕು. ತಪ್ಪಿಸಿಕೊಳ್ಳಲು ಆಗದಿದ್ದರೆ ಹೆಣ್ಣು ಅದನ್ನು ಒಪ್ಪಿಕೊಂಡುಬಿಡಬೇಕು ಎಂಬುದಕ್ಕಿಂತಲೂ ಕೆಟ್ಟ ಅರ್ಥ ಅದರದು. ಸ್ಪೀಕರ್ ನಕ್ಕರು. ಆ ವಿಡಿಯೊ ದೇಶವೆಲ್ಲ ಹರಿದಾಡಿತು.

ಹೇಳಿದವರು ಹೊಸಬರಲ್ಲ. 1994ರಿಂದ 1999ರವರೆಗೆ, ಮತ್ತೆ 2018–19ರಲ್ಲಿ ಅದೇ ಸ್ಪೀಕರ್ ಕುರ್ಚಿಯಲ್ಲಿ ಕೂತಿದ್ದವರು. ಸದನದಲ್ಲಿ ಯಾವ ಪದ ಇರಬೇಕು, ಯಾವುದನ್ನು ಕಡತದಿಂದ ತೆಗೆಯಬೇಕು ಎಂದು ತೀರ್ಮಾನಿಸುತ್ತಿದ್ದವರು. ಅವರು ಮಾತನಾಡಲು ನಿಂತರೆ ವಿರೋಧ ಪಕ್ಷದವರೂ ಕಿವಿಗೊಡುತ್ತಿದ್ದರು ಎಂದು ಅಬ್ಬಾ ಈಗಲೂ ಹೇಳುತ್ತಾರೆ. 2019ರ ಫೆಬ್ರವರಿಯಲ್ಲಿ ಸ್ಪೀಕರ್ ಆಗಿದ್ದಾಗಲೂ, ಆಡಿಯೊ ಟೇಪ್ ಪ್ರಕರಣದಲ್ಲಿ ತಮ್ಮ ಸ್ಥಿತಿಯನ್ನು ಅತ್ಯಾಚಾರಕ್ಕೊಳಗಾದವರ ಸ್ಥಿತಿಗೆ ಹೋಲಿಸಿ ಮಹಿಳಾ ಸದಸ್ಯರ ಆಕ್ಷೇಪ ಎದುರಿಸಿದ್ದರು. ಹಾಗಾಗಿ ಇದು ಎರಡನೇ ಸಲ.

ಅದೇ ದಿನ ಟ್ವಿಟರ್‌ನಲ್ಲಿ ಕ್ಷಮೆ ಕೇಳಿದರು, ಇನ್ನು ಮುಂದೆ ಪದಗಳನ್ನು ಎಚ್ಚರಿಕೆಯಿಂದ ಬಳಸುತ್ತೇನೆ ಎಂದರು. ಮರುದಿನ ಸದನದಲ್ಲೂ ಕೇಳಿದರು, ಆದರೆ ಅಲ್ಲಿ ಮಹಿಳೆಯರಿಗೆ ನೋವಾಗಿದ್ದರೆ ಎಂಬುದು ಸೇರಿಕೊಂಡಿತು. ನನ್ನ ಅಭಿಪ್ರಾಯದಲ್ಲಿ ಬರೆದ ಕ್ಷಮೆಯೇ ಆಡಿದ ಕ್ಷಮೆಗಿಂತ ಚೆನ್ನಾಗಿತ್ತು. ಅವರದೇ ಪಕ್ಷದ ಪ್ರಿಯಾಂಕಾ ಗಾಂಧಿ ಆ ಹೇಳಿಕೆಯನ್ನು ಖಂಡಿಸಿದರು. ಮಹಿಳಾ ಶಾಸಕಿಯರು ಈ ಬಗ್ಗೆ ಮಾತನಾಡಲು ಅವಕಾಶ ಕೇಳಿದರು. ಅವರು ಕ್ಷಮೆ ಕೇಳಿದ್ದಾರೆ, ಇದನ್ನು ಇನ್ನು ಬೆಳೆಸುವುದು ಬೇಡ ಎಂದರು ಸ್ಪೀಕರ್.

ಹೊರಗೆ ಮಾತ್ರ ಬೆಳೆಯಿತು. ಬಿಜೆಪಿಯವರು "ನಿಮ್ಮ ಶಾಸಕ ಹೇಳಿದ್ದು" ಎಂದರೆ ಕಾಂಗ್ರೆಸ್‌ನವರು "ನಿಮ್ಮ ಸ್ಪೀಕರ್ ನಕ್ಕಿದ್ದು" ಎಂದರು. ಎರಡೂ ನಿಜ. ಎರಡೂ ನಿಜವಾಗಿದ್ದರಿಂದಲೇ ಇಬ್ಬರಿಗೂ ಅನುಕೂಲವಾಯಿತು.

ಇಷ್ಟು ದೊಡ್ಡ ಗಲಾಟೆಯಾದರೂ ಕೋರ್ಟಿಗೆ ಏಕೆ ಹೋಗಲಿಲ್ಲ ಎಂದು ನಮ್ಮ ತರಗತಿಯಲ್ಲಿ ಒಬ್ಬಳು ಕೇಳಿದಳು. ಸಂವಿಧಾನದ 194ನೇ ವಿಧಿಯ 2ನೇ ಖಂಡ ಅದಕ್ಕೆ ಕಾರಣ. ವಿಧಾನಮಂಡಲದ ಒಳಗೆ ಸದಸ್ಯರು ಆಡಿದ ಮಾತಿಗೆ ಯಾವ ನ್ಯಾಯಾಲಯದಲ್ಲೂ ಅವರ ಮೇಲೆ ಕ್ರಮ ಜರುಗಿಸುವಂತಿಲ್ಲ. ಬಡವರ ಪರ, ಸರ್ಕಾರದ ವಿರುದ್ಧ ಹೆದರದೆ ಮಾತನಾಡಲಿ ಎಂದು ಕೊಟ್ಟ ರಕ್ಷಣೆ ಅದು. (ಅದರ ಗಡಿ ಎಲ್ಲಿ ಎಂಬ ಪ್ರಶ್ನೆ 2024ರ ಡಿಸೆಂಬರಿನಲ್ಲಿ ಮತ್ತೆ ಬೆಳಗಾವಿಯಲ್ಲೇ ಎದ್ದಿತು. ಸಚಿವೆ ಲಕ್ಷ್ಮೀ ಹೆಬ್ಬಾಳ್ಕರ್ ಅವರಿಗೆ ಪರಿಷತ್ತಿನಲ್ಲಿ ಕೆಟ್ಟ ಪದ ಬಳಸಿದ ಆರೋಪದಲ್ಲಿ ಸಿ.ಟಿ. ರವಿಯವರ ಬಂಧನವಾಯಿತು. ಅವರು ಆ ಪದ ಆಡಿಲ್ಲ ಎಂದರು, ವಿಷಯ ಹೈಕೋರ್ಟಿಗೆ ಹೋಯಿತು.) ಆದ್ದರಿಂದ ಸದನದ ಒಳಗಿನ ಮಾತಿಗೆ ಸದನವೇ ಕೋರ್ಟು. ಅಲ್ಲಿ ಕ್ಷಮೆ ಕೇಳಿದರೆ ಸಾಮಾನ್ಯವಾಗಿ ಫೈಲು ಮುಚ್ಚುತ್ತದೆ.

ಮೈದಾನದ ಭಾಷಣಕ್ಕೆ ಆ ರಕ್ಷಣೆ ಇಲ್ಲ. 2019ರ ಏಪ್ರಿಲ್ 13ರಂದು ಕೋಲಾರದಲ್ಲಿ ರಾಹುಲ್ ಗಾಂಧಿಯವರು ನೀರವ್ ಮೋದಿ, ಲಲಿತ್ ಮೋದಿ, ನರೇಂದ್ರ ಮೋದಿ ಎಂದು ಹೆಸರಿಸಿ, ಈ ಕಳ್ಳರಿಗೆಲ್ಲ ಮೋದಿ ಎಂದೇ ಏಕೆ ಹೆಸರಿರುತ್ತದೆ ಎಂದು ಕೇಳಿದರು. ಗುಜರಾತಿನ ಶಾಸಕ ಪೂರ್ಣೇಶ್ ಮೋದಿ ಸೂರತ್‌ನಲ್ಲಿ ಮಾನನಷ್ಟ ಮೊಕದ್ದಮೆ ಹೂಡಿದರು. 2023ರ ಮಾರ್ಚ್ 23ರಂದು ಎರಡು ವರ್ಷ ಶಿಕ್ಷೆಯಾಯಿತು. ಮರುದಿನವೇ ಲೋಕಸಭಾ ಸದಸ್ಯತ್ವ ಹೋಯಿತು.

ಇಲ್ಲಿ ಎರಡು ವರ್ಷ ಎಂಬ ಲೆಕ್ಕವನ್ನು ಗಮನಿಸಬೇಕು. ಭಾರತೀಯ ದಂಡ ಸಂಹಿತೆಯ 500ನೇ ಸೆಕ್ಷನ್ ಪ್ರಕಾರ ಮಾನನಷ್ಟಕ್ಕೆ ಇದ್ದ ಗರಿಷ್ಠ ಶಿಕ್ಷೆ ಎರಡು ವರ್ಷ. ಜನಪ್ರಾತಿನಿಧ್ಯ ಕಾಯ್ದೆಯ ಪ್ರಕಾರ ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಾದರೆ ಸದಸ್ಯತ್ವ ಹೋಗುತ್ತದೆ. ಒಂದು ದಿನ ಕಡಿಮೆ ಆಗಿದ್ದರೂ ಹೋಗುತ್ತಿರಲಿಲ್ಲ. ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹೇಳಿತು. ಗರಿಷ್ಠ ಶಿಕ್ಷೆ ಏಕೆ ಎಂಬುದಕ್ಕೆ ಕೆಳಗಿನ ಕೋರ್ಟ್ ಕಾರಣ ಕೊಟ್ಟಿಲ್ಲ ಎಂದು 2023ರ ಆಗಸ್ಟ್ 4ರಂದು ತೀರ್ಪಿಗೆ ತಡೆ ನೀಡಿತು. ಆಗಸ್ಟ್ 7ರಂದು ಸದಸ್ಯತ್ವ ವಾಪಸ್ ಬಂತು. ಅದೇ ಆದೇಶದಲ್ಲಿ, ಆ ಮಾತು ಒಳ್ಳೆಯ ಅಭಿರುಚಿಯದಲ್ಲ, ಸಾರ್ವಜನಿಕ ಜೀವನದಲ್ಲಿರುವವರು ಎಚ್ಚರಿಕೆಯಿಂದ ಮಾತನಾಡಬೇಕು ಎಂದೂ ಹೇಳಿತ್ತು. ಈ ಎರಡು ಭಾಗಗಳಲ್ಲಿ ಒಂದೊಂದು ಕಡೆಯವರು ಒಂದೊಂದನ್ನೇ ಓದುತ್ತಾರೆ.

ಮಾನನಷ್ಟದ ಕೇಸು ರಾಜಿ ಮಾಡಿಕೊಳ್ಳಬಹುದಾದದ್ದು. ಕ್ಷಮೆ ಕೇಳಿ, ದೂರುದಾರರು ಒಪ್ಪಿದ್ದರೆ ಮುಗಿದುಹೋಗುತ್ತಿತ್ತು. ಕೇಳುವುದಿದ್ದರೆ ಯಾವತ್ತೋ ಕೇಳುತ್ತಿದ್ದೆ ಎಂದು ರಾಹುಲ್ ಸುಪ್ರೀಂ ಕೋರ್ಟಿಗೆ ತಿಳಿಸಿದರು. ಬೆಂಬಲಿಗರಿಗೆ ಅದು ಧೈರ್ಯವಾಗಿ ಕಂಡಿತು, ವಿರೋಧಿಗಳಿಗೆ ಅಹಂಕಾರವಾಗಿ. ಆದರೆ ಇದೇ ರಾಹುಲ್ ಇನ್ನೊಂದು ಕೇಸಿನಲ್ಲಿ ಕ್ಷಮೆ ಕೇಳಿದ್ದಾರೆ. ಕೋಲಾರಕ್ಕೆ ಬರುವ ಮೂರು ದಿನ ಮೊದಲು, ರಫೇಲ್ ಆದೇಶದ ನಂತರ, ಚೌಕೀದಾರ್ ಕಳ್ಳ ಎಂದು ಸುಪ್ರೀಂ ಕೋರ್ಟೇ ಹೇಳಿದೆ ಎಂಬಂತೆ ಮಾತನಾಡಿದ್ದರು. ನ್ಯಾಯಾಂಗ ನಿಂದನೆ ಅರ್ಜಿ ಬಂತು. ಮೊದಲು ವಿಷಾದ ವ್ಯಕ್ತಪಡಿಸಿದರು, ಕೋರ್ಟಿಗೆ ಅದು ಸಾಲಲಿಲ್ಲ. 2019ರ ಮೇ 8ರಂದು ಬೇಷರತ್ ಕ್ಷಮೆ ಕೇಳಿದರು. ನವೆಂಬರಿನಲ್ಲಿ ಕೋರ್ಟ್ ಎಚ್ಚರಿಕೆ ಹೇಳಿ ಕೇಸು ಮುಗಿಸಿತು. ಆಗ ವಿರೋಧಿಗಳು "ನೋಡಿ, ತಪ್ಪು ಒಪ್ಪಿಕೊಂಡ" ಎಂದರು. ಅಂದರೆ ಕೇಳದಿದ್ದರೆ ಅಹಂಕಾರ, ಕೇಳಿದರೆ ಸೋಲು. ಹೀಗಿರುವಾಗ ರಾಜಕಾರಣಿಗಳು ಸುರಕ್ಷಿತವಾದ ಮೂರನೇ ದಾರಿ ಹುಡುಕುತ್ತಾರೆ. ಅದೇ "ನೋವಾಗಿದ್ದರೆ".

ಇದು ಒಂದು ಪಕ್ಷದ ಸ್ವತ್ತಲ್ಲ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಚಿವರಾಗಿದ್ದ ಬಿಜೆಪಿಯ ಅನಂತಕುಮಾರ್ ಹೆಗಡೆಯವರು ಕೊಪ್ಪಳ ಜಿಲ್ಲೆಯಲ್ಲಿ ಸಂವಿಧಾನ ಬದಲಿಸುವ ಮಾತಾಡಿ, ಕೆಲವೇ ದಿನಗಳಲ್ಲಿ ಲೋಕಸಭೆಯಲ್ಲಿ ಕ್ಷಮೆ ಕೇಳಿದಾಗಲೂ, ನನ್ನ ಮಾತನ್ನು ತಿರುಚಲಾಗಿದೆ, ಆದರೂ ಯಾರಿಗಾದರೂ ನೋವಾಗಿದ್ದರೆ ಎಂದೇ ಕೇಳಿದ್ದು. ಕಚೇರಿ ಕನ್ನಡದಲ್ಲಿ "ನೋವಾದ ಪಕ್ಷದಲ್ಲಿ" ಎನ್ನುತ್ತಾರೆ. ಆ ಪಕ್ಷ ಯಾವುದೋ ನನಗೆ ತಿಳಿದಿಲ್ಲ.

ನನ್ನ ಮನೆಮಾತು ಉರ್ದು. ನಮ್ಮಲ್ಲಿ ಮಾಫಿಗೆ ಎರಡು ಬಳಕೆ ಇದೆ. ಬಾಗಿಲಿಗೆ ಬಂದ ಭಿಕ್ಷುಕನಿಗೆ ಏನೂ ಕೊಡದೆ ಕಳಿಸುವಾಗ "ಮಾಫ್ ಕರೋ ಬಾಬಾ" ಎನ್ನುತ್ತೇವೆ. ಅದರ ಅರ್ಥ ಮುಂದೆ ಹೋಗು ಎಂದು. ಹಜ್‌ಗೆ ಹೊರಟವರು ಮನೆಮನೆಗೆ ಬಂದು "ಕಹಾ ಸುನಾ ಮಾಫ್ ಕರೋ" ಎನ್ನುತ್ತಾರೆ, ಆಡಿದ್ದು ಕೇಳಿದ್ದು ಎಲ್ಲ ಮನ್ನಿಸಿ ಎಂದು. ನಮ್ಮ ದಾದಿ ಹೊರಟಾಗ, ಹತ್ತು ವರ್ಷದಿಂದ ಮಾತು ಬಿಟ್ಟಿದ್ದ ಪಕ್ಕದ ಮನೆಯವರ ಬಾಗಿಲಿಗೂ ಹೋಗಿದ್ದರು. ಅವರು ಬಾಗಿಲು ತೆರೆಯುವವರೆಗೆ ಬಿಸಿಲಲ್ಲೇ ನಿಂತಿದ್ದರು. ಚಿಕ್ಕವಳಾಗಿದ್ದಾಗ ಮಕ್ತಬಿನಲ್ಲಿ ಹಜರತ್ ಹೇಳಿಕೊಟ್ಟದ್ದೂ ಇದನ್ನೇ. ಅಲ್ಲಾಹನ ಹಕ್ಕಿನಲ್ಲಿ ತಪ್ಪಾದರೆ ಅವನಲ್ಲಿ ತೌಬಾ ಮಾಡಬೇಕು. ಮನುಷ್ಯರ ಹಕ್ಕಿನಲ್ಲಿ, ಅಂದರೆ ಹುಕೂಕುಲ್ ಇಬಾದ್‌ನಲ್ಲಿ ತಪ್ಪಾದರೆ ತೌಬಾ ಒಂದೇ ಸಾಲದು, ಆ ಮನುಷ್ಯನ ಹತ್ತಿರವೇ ಇತ್ಯರ್ಥವಾಗಬೇಕು.

ಬಸ್ಸಿನಲ್ಲಿ ನನಗೆ ಅರ್ಥವಾಗದೆ ಉಳಿದದ್ದು ಇಲ್ಲಿ ಸ್ವಲ್ಪ ಅರ್ಥವಾಯಿತು. ಕಾಮರ್ಸ್ ವಿದ್ಯಾರ್ಥಿನಿಯಾಗಿ ಹೇಳುವುದಾದರೆ, ಇಬ್ಬರು ಗಿರಾಕಿಗಳು ಒಂದೇ ಅಂಗಡಿಗೆ ಬಾಕಿ ಇದ್ದಾರೆ ಎಂದುಕೊಳ್ಳಿ. "ನೀನೂ ಕೊಟ್ಟಿಲ್ಲ, ನಾನೂ ಕೊಟ್ಟಿಲ್ಲ, ಸಮ ಆಯಿತು" ಎಂದು ಅವರಿಬ್ಬರೇ ಕೈ ಕುಲುಕಿ ಹೋದರೆ ಅಂಗಡಿಯವನ ಖಾತೆ ಚುಕ್ತಾ ಆಗುತ್ತದೆಯೆ? ಒಂದು ಬಾಕಿಯನ್ನು ಇನ್ನೊಂದಕ್ಕೆ ವಜಾ ಹಾಕಬೇಕಾದರೆ ಅವರಿಬ್ಬರ ನಡುವೆಯೇ ಕೊಡುವುದು ತೆಗೆದುಕೊಳ್ಳುವುದು ಇರಬೇಕು. "ನಿಮ್ಮವರು ಹೇಳಿದ್ದು", "ನಿಮ್ಮವರು ನಕ್ಕಿದ್ದು" ಎಂಬ ಜಗಳದಲ್ಲಿ ಎರಡು ಪಕ್ಷಗಳೂ ಬಾಕಿದಾರರೇ. ಬಾಕಿ ಬರಬೇಕಾದವರು ಮಾತನಾಡಲು ಸಮಯ ಕೇಳಿದರು, ಬೆಳೆಸುವುದು ಬೇಡ ಎಂದರು. ಕೋಲಾರದ ಮಾತಿನಲ್ಲೂ ಹಾಗೆಯೇ. ಮೋದಿ ಎಂಬ ಹೆಸರಿರುವ ಸಾಮಾನ್ಯ ಜನ ಎಷ್ಟೋ ಇದ್ದಾರೆ. ಅವರಿಗೆ ಏನನ್ನಿಸಿತು ಎಂದು ಯಾವ ಕಡೆಯವರೂ ಕೇಳಿದ್ದನ್ನು ನಾನು ನೋಡಿಲ್ಲ.

ರಮೇಶ್ ಕುಮಾರ್ 2023ರ ಚುನಾವಣೆಯಲ್ಲಿ ಜೆಡಿಎಸ್‌ನ ಜಿ.ಕೆ. ವೆಂಕಟಶಿವಾರೆಡ್ಡಿಯವರ ಎದುರು ಸೋತರು. ಆ ಮಾತಿಗೆ ಜನ ಕೊಟ್ಟ ಶಿಕ್ಷೆ ಅದು ಎಂದು ಬಸ್ಸಿನ ವಿರೋಧಿಯವರು ಹೇಳುತ್ತಿದ್ದರು. ನಾನು ನಂಬುವುದಿಲ್ಲ. ಇವರಿಬ್ಬರೂ ದಶಕಗಳಿಂದ ಎದುರುಬದುರು ನಿಂತು ಸೋತು ಗೆದ್ದು ಮಾಡುತ್ತಿದ್ದಾರೆ. ಸೋಲಿಗೆ ಬೇರೆ ಕಾರಣ ಬೇಕಾದಷ್ಟು ಇರುತ್ತವೆ ಎನ್ನುತ್ತಾರೆ ಮಾಮು, ಅವರು ಮಾವಿನ ಮಂಡಿಯಲ್ಲಿ ಕೂತು ಎಲ್ಲ ಕಡೆಯವರ ಮಾತನ್ನೂ ಕೇಳುವವರು.

ಕೋಲಾರ ಬಂತು. ಹಿಂದಿನ ಸೀಟಿನ ಇಬ್ಬರೂ ನಗುತ್ತಲೇ ಇಳಿದು ಟೀ ಅಂಗಡಿ ಕಡೆ ಹೊರಟರು. ಇಳಿಯುವಾಗ ಒಬ್ಬರು ನಮ್ಮ ಬ್ಯಾಗನ್ನು ಕೆಳಗೆ ಇಳಿಸಿಕೊಟ್ಟು, "ಹುಷಾರಮ್ಮ, ಗಾಡಿ ಬರುತ್ತೆ" ಎಂದರು. ಒಳ್ಳೆಯವರೇ. ಆಟೊ ಹತ್ತಿದ ಮೇಲೆ ತಂಗಿ ನನ್ನ ಕಿವಿಯಲ್ಲಿ ಆ ಮಾತಿನ ಅರ್ಥ ಏನು ಎಂದು ಕೇಳಿದಳು. ಮನೆಗೆ ಹೋಗಿ ಹೇಳುತ್ತೇನೆ ಎಂದೆ. ಇನ್ನೂ ಹೇಳಿಲ್ಲ.