ಕೈದೋಟಕ್ಕೆ ಬ್ಯಾಟರಿಯ ಉಪಕರಣಗಳು: ಆರಿಸುವ ಬಗೆ

ವ್ಯಾಕರಣದ ಪಾಠದಲ್ಲಿ ತೃತೀಯಾ ವಿಭಕ್ತಿಗೆ ಉದಾಹರಣೆ ಕೇಳಿದರೆ ಹುಡುಗರು ಇಂದಿಗೂ "ಕುಡುಗೋಲಿನಿಂದ ಹುಲ್ಲನ್ನು ಕೊಯ್ದನು" ಎಂದು ಬರೆಯುತ್ತಾರೆ. ಕೊಯ್ದವನು ಕರ್ತೃ, ಕುಡುಗೋಲು ಕರಣ, ಎಂದರೆ ಸಾಧನ ಮಾತ್ರ. ಈಗ ಆ ಕುಡುಗೋಲಿನ ಸ್ಥಾನಕ್ಕೆ ಬ್ಯಾಟರಿಯಿಂದ ನಡೆಯುವ ಹುಲ್ಲುಕತ್ತರಿ ಬಂದಿದೆ. ಬೇಲಿಕತ್ತರಿ, ಕೊಂಬೆಗರಗಸ, ತರಗೆಲೆ ಊದುವ ಯಂತ್ರ ಇವೂ ಅದರ ಬೆನ್ನಿಗೇ ಬಂದಿವೆ. ಅಂಗಡಿಯಲ್ಲಿ ಇವುಗಳ ಮುಂದೆ ನಿಂತಾಗ ಕರ್ತೃ ಯಾರು, ಕರಣ ಯಾವುದು ಎಂಬುದು ಮರೆತುಹೋಗುವುದುಂಟು. ಹಾಗೆ ಮರೆಯದೆ ಕೊಳ್ಳುವ ಬಗೆಯನ್ನು ಕುರಿತು ನಾಲ್ಕು ಮಾತು ಹೇಳುವುದು ಇಲ್ಲಿನ ಉದ್ದೇಶ.

ಮೊದಲು ತೋಟವನ್ನು ಅಳೆಯಬೇಕು. 33 ಅಡಿ ಉದ್ದ, 33 ಅಡಿ ಅಗಲದ ನೆಲ ಒಂದು ಗುಂಟೆ; ಎಂದರೆ 1089 ಚದರ ಅಡಿ. ಮನೆಯ ಸುತ್ತ ಒಂದು ಗುಂಟೆಗೂ ಕಡಮೆ ಹಸುರು ಇರುವವರಿಗೆ ಒಳ್ಳೆಯ ಕೈಗತ್ತರಿ, ಒಂದು ಮಡಿಸುವ ಗರಗಸ, ಒಂದು ಕುಡುಗೋಲು ಇವೇ ಸಾಕು; ಯಂತ್ರದ ಗೊಡವೆ ಬೇಡ. ಎರಡರಿಂದ ಐದು ಗುಂಟೆ ತೋಟವಿದ್ದು, ಗರಿಕೆಯ ಹಾಸು, ದಾಸವಾಳದ ಅಥವಾ ಡ್ಯುರಾಂಟಾದ ಬೇಲಿ, ಒಂದೆರಡು ಮಾವು ನುಗ್ಗೆ ಇರುವವರಿಗೇ ಬ್ಯಾಟರಿಯ ಉಪಕರಣದಿಂದ ನಿಜವಾದ ಪ್ರಯೋಜನ. ಪೆಟ್ರೋಲು ಯಂತ್ರಕ್ಕೆ ಬಲ ಹೆಚ್ಚು. ಆದರೆ ಅದರ ಗದ್ದಲ, ಹೊಗೆ, ಹಗ್ಗ ಎಳೆದು ಚಾಲೂ ಮಾಡುವ ಶ್ರಮ ಮನೆಯ ಹಿತ್ತಲಿಗೆ ಹೊರೆಯಾಗುತ್ತವೆ. ತಂತಿಯ ಯಂತ್ರ ಅಗ್ಗ. ಆದರೆ ಒದ್ದೆ ಹುಲ್ಲಿನ ಮೇಲೆ ತಂತಿ ಎಳೆದಾಡುವುದೂ, ಕತ್ತರಿಗೆ ತಂತಿಯೇ ಸಿಕ್ಕುವುದೂ ಅಪಾಯ. ಇವೆರಡರ ನಡುವಣ ದಾರಿ ಬ್ಯಾಟರಿಯದು.

ಇನ್ನು ಮುಖ್ಯವಾದ ಮಾತು. ನಾವು ಕೊಳ್ಳುವುದು ಯಂತ್ರವನ್ನೆಂದು ಭಾವಿಸುತ್ತೇವೆ. ವಾಸ್ತವವಾಗಿ ಕೊಳ್ಳುವುದು ಬ್ಯಾಟರಿಯನ್ನು. ಒಂದು ಕಂಪನಿಯ ಬ್ಯಾಟರಿ ಸಾಮಾನ್ಯವಾಗಿ ಇನ್ನೊಂದು ಕಂಪನಿಯ ಯಂತ್ರಕ್ಕೆ ಕೂಡುವುದಿಲ್ಲ. ಇದನ್ನು ನಾನು ಕೈಸುಟ್ಟುಕೊಂಡು ಕಲಿತೆ. ರಿಯಾಯಿತಿ ಕಂಡಲ್ಲೆಲ್ಲ ಕೈಚಾಚಿ ಒಂದು ಕಡೆ ಬೇಲಿಕತ್ತರಿ, ಇನ್ನೊಂದು ಕಡೆ ಹುಲ್ಲುಕತ್ತರಿ ತಂದೆ. ಎರಡನೆಯ ವರ್ಷ ಒಂದರ ಬ್ಯಾಟರಿ ಸತ್ತಿತು. ಮತ್ತೊಂದರ ಬ್ಯಾಟರಿ ತುಂಬಿದ ಕೊಡದಂತೆ ಪಕ್ಕದಲ್ಲೇ ಇದ್ದರೂ ಇದರ ಬಾಯಿಗೆ ಸೇರಲಿಲ್ಲ. ಹೊಸ ಬ್ಯಾಟರಿಯ ಬೆಲೆ ಕೇಳಿದರೆ ಯಂತ್ರದ ಬೆಲೆಗೆ ಹೆಚ್ಚು ದೂರವಿರಲಿಲ್ಲ. ಆ ಬೇಲಿಕತ್ತರಿ ಈಗ ಅಟ್ಟದ ಮೇಲಿದೆ. ಆದುದರಿಂದ ಮೊದಲ ಉಪಕರಣ ಕೊಳ್ಳುವಾಗಲೇ ಮುಂದೆ ಬೇಕಾಗುವ ಮೂರು ನಾಲ್ಕನ್ನೂ ಎಣಿಸಿ, ಅವೆಲ್ಲವೂ ಒಂದೇ ಬ್ಯಾಟರಿಯಿಂದ ನಡೆಯುವಂಥ ಕುಟುಂಬವನ್ನು ಆರಿಸಿಕೊಳ್ಳತಕ್ಕದ್ದು. ಆಮೇಲೆ ಬ್ಯಾಟರಿಯಿಲ್ಲದ ಬರಿಯ ಯಂತ್ರಗಳನ್ನು ಕಡಮೆ ಬೆಲೆಗೆ ಒಂದೊಂದಾಗಿ ಸೇರಿಸಬಹುದು. ನಮ್ಮ ಊರಿನಲ್ಲಿ ಆ ಕಂಪನಿಯ ರಿಪೇರಿ ಮಾಡುವವರು ಇದ್ದಾರೆಯೇ ಎಂಬುದನ್ನು ವಿಚಾರಿಸುವುದೂ ಅಗತ್ಯ.

ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ಓದುವ ಬಗೆ ಹೀಗೆ. ಇಂದಿನ ಬ್ಯಾಟರಿಗಳು ಲಿಥಿಯಂ ಅಯಾನು ಜಾತಿಯವು. ಇವು 1991ರಲ್ಲಿ ಮಾರುಕಟ್ಟೆಗೆ ಬಂದುವು; ಇವುಗಳನ್ನು ರೂಪಿಸಿದ ಮೂವರು ವಿಜ್ಞಾನಿಗಳಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಉಪಕರಣಗಳಲ್ಲಿ ಬಳಸುವ ಒಂದು ಕೋಶದ ಸರಾಸರಿ ಒತ್ತಡ 3.6 ವೋಲ್ಟ್. ಐದು ಕೋಶಗಳನ್ನು ಸಾಲಾಗಿ ಪೋಣಿಸಿದರೆ 18 ವೋಲ್ಟ್ ಆಯಿತು. ಆಗತಾನೆ ಪೂರ್ತಿ ತುಂಬಿದ ಕೋಶದ ಒತ್ತಡ ಸ್ವಲ್ಪ ಹೆಚ್ಚಾಗಿರುವುದರಿಂದ ಕೆಲವರು ಅದನ್ನೇ ಹಿಡಿದು ಪೆಟ್ಟಿಗೆಯ ಮೇಲೆ 20 ಎಂದು ಅಚ್ಚು ಹಾಕುತ್ತಾರೆ. ಎರಡೂ ಐದು ಕೋಶಗಳೇ. 20 ಎಂದು ಬರೆದುದಕ್ಕೆ ಹೆಚ್ಚು ಹಣ ತೆರಬೇಕಾದುದಿಲ್ಲ. 36 ಮತ್ತು 40ರ ಸಂಗತಿಯೂ ಹೀಗೆಯೇ. ಅಲ್ಲಿ ಹತ್ತು ಕೋಶಗಳು.

ಕೆಲಸ ಎಷ್ಟು ಹೊತ್ತು ನಡೆದೀತು ಎಂಬುದನ್ನು ವೋಲ್ಟ್ ಒಂದೇ ಹೇಳಲಾರದು. ವೋಲ್ಟನ್ನು ಆಂಪಿಯರ್ ಗಂಟೆಯಿಂದ ಗುಣಿಸಬೇಕು. 18 ವೋಲ್ಟ್, 4 ಆಂಪಿಯರ್ ಗಂಟೆ ಎಂದಿದ್ದರೆ ಒಳಗಿರುವ ಶಕ್ತಿ 72 ವಾಟ್ ಗಂಟೆ. 36 ವೋಲ್ಟ್, 2 ಆಂಪಿಯರ್ ಗಂಟೆ ಎಂದಿದ್ದರೂ ಅಷ್ಟೇ. ಬೇಲಿಕತ್ತರಿಯೊಂದು 100 ವಾಟ್ ಎಳೆಯುವುದೆಂದು ಇಟ್ಟುಕೊಳ್ಳೋಣ. ಈ ಬ್ಯಾಟರಿಯಿಂದ ಅದು ಸುಮಾರು 43 ನಿಮಿಷ ನಡೆಯುತ್ತದೆ. 300 ವಾಟ್ ಎಳೆಯುವ ಹುಲ್ಲುಕತ್ತರಿಗೆ 14 ನಿಮಿಷ; 500 ವಾಟ್ ಎಳೆಯುವ ಊದುವ ಯಂತ್ರಕ್ಕೆ ಒಂಬತ್ತು ನಿಮಿಷವೂ ಇಲ್ಲ. ಹೀಗಾಗಿ ಬೇಲಿಗೆ ಒಂದು ಬ್ಯಾಟರಿ ಸಾಕು. ಹುಲ್ಲಿಗೆ ಎರಡು ಬೇಕು. ತರಗೆಲೆಗೆ ತೆಂಗಿನ ಕಡ್ಡಿಯ ಪೊರಕೆಯೇ ಮೇಲು. ವಿದ್ಯುತ್ತಿನ ಖರ್ಚಿಗೆ ಹೆದರಬೇಕಾದುದಿಲ್ಲ. ಒಂದು ಯೂನಿಟ್ಟಿನಲ್ಲಿ ಇಂಥ ಬ್ಯಾಟರಿಯನ್ನು ಹತ್ತು ಸಲವಾದರೂ ತುಂಬಬಹುದು.

ಇನ್ನು ತೂಕದ ಮಾತು. ನಮ್ಮಲ್ಲಿಗೆ ವಾರಕ್ಕೊಮ್ಮೆ ಬರುವ ಮಾಲಿ ಅರುವತ್ತು ದಾಟಿದವನು. ದೊಡ್ಡ ಬ್ಯಾಟರಿ ಹಾಕಿದ ಕತ್ತರಿಯನ್ನು ಅವನ ಕೈಗೆ ಕೊಟ್ಟಾಗ ಐದು ನಿಮಿಷ ಹಿಡಿದು, "ಸ್ವಾಮಿ, ಇದು ಬೇಲಿ ಕತ್ತರಿಸೋಕೆ ಮುಂಚೆ ನನ್ನ ಭುಜಾನೇ ಕತ್ತರಿಸುತ್ತೆ" ಎಂದು ಕೆಳಗಿಟ್ಟನು. ಅವನ ಮಾತು ಸರಿ. ಮೇಜಿನ ಮೇಲೆ ಮೂರು ಕಿಲೋ ಏನೂ ಅಲ್ಲ. ತಲೆಯ ಮಟ್ಟಕ್ಕೆ ಎತ್ತಿ ಹಿಡಿದ ಮೂರು ಕಿಲೋ ಹೊತ್ತುಹೊತ್ತಿಗೆ ಬೆಳೆಯುತ್ತದೆ. ಅಂಗಡಿಯಲ್ಲಿಯೇ ಬ್ಯಾಟರಿ ಕೂಡಿಸಿ, ತೋಳು ಚಾಚಿ, ಎರಡು ನಿಮಿಷ ಹಿಡಿದು ನೋಡಬೇಕು. ತೋಟದಲ್ಲಿ ಯಾರು ಅದನ್ನು ಹಿಡಿಯುವರೋ ಅವರೇ ಹಿಡಿದು ನೋಡಬೇಕು, ಹಣ ಕೊಡುವವರಲ್ಲ.

ಕೊಳ್ಳುವ ಕ್ರಮ ನನ್ನ ಮಟ್ಟಿಗೆ ಇದು: ಮೊದಲು ನೈಲಾನು ದಾರದ ಹುಲ್ಲುಕತ್ತರಿ, ಎರಡು ಬ್ಯಾಟರಿ, ಒಂದು ಚಾರ್ಜರು, ಉದ್ದನೆಯ ಬೇಲಿಯಿದ್ದರೆ ಆಮೇಲೆ ಬೇಲಿಕತ್ತರಿ. ಬೇಲಿಕತ್ತರಿ ಕೊಳ್ಳುವಾಗ ಹಲ್ಲುಗಳ ನಡುವಣ ಅಂತರವನ್ನು ನೋಡಬೇಕು. ಅದಕ್ಕಿಂತ ದಪ್ಪನೆಯ ಕಡ್ಡಿ ಅದಕ್ಕೆ ಸಿಕ್ಕದು. ಕೊಂಬೆಗರಗಸ ವರ್ಷಕ್ಕೆ ಎರಡು ದಿನದ ಕೆಲಸ. ಕೈಗರಗಸದಿಂದ ಆಗದಿದ್ದರೆ ಮಾತ್ರ ಅದು ಬೇಕು. ಕುಂಚವಿಲ್ಲದ ಮೋಟಾರು ಎಂದು ಬರೆದಿದ್ದರೆ ಬೆಲೆ ಹೆಚ್ಚು. ಆದರೆ ಸವೆಯುವ ಭಾಗ ಕಡಮೆ, ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ. ವಾರವಾರವೂ ಬಳಸುವ ಯಂತ್ರಕ್ಕೆ ಆ ಹಣ ದಂಡವಲ್ಲ.

ಬ್ಯಾಟರಿಯ ದೊಡ್ಡ ಶತ್ರು ಸೆಕೆ. ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ಹೊರಗಿನ ಉಷ್ಣತೆಯೇ 40 ಡಿಗ್ರಿ ದಾಟುತ್ತದೆ; ತಗಡಿನ ಕೊಟ್ಟಿಗೆಯೊಳಗೆ ಇನ್ನೂ ಹೆಚ್ಚು. ಅಲ್ಲಿ ಪೂರ್ತಿ ತುಂಬಿಟ್ಟ ಬ್ಯಾಟರಿ ಬೇಗ ಮುಪ್ಪಾಗುತ್ತದೆ. ನನ್ನದು ಸತ್ತುದೂ ಹಾಗೆಯೇ. ಕೆಲಸವಿಲ್ಲದ ತಿಂಗಳುಗಳಲ್ಲಿ ಅರ್ಧದಷ್ಟು ತುಂಬಿಸಿ, ಮನೆಯೊಳಗಿನ ತಂಪಾದ ಕಪಾಟಿನಲ್ಲಿಡಬೇಕು. ಕೆಲಸದಿಂದ ಬಿಸಿಯಾದುದನ್ನು ತಣಿಸಿ ಆಮೇಲೆ ಚಾರ್ಜಿಗೆ ಹಾಕಬೇಕು. ಪೂರ್ತಿ ಬರಿದಾಗುವವರೆಗೆ ಓಡಿಸಬೇಕೆಂಬ ಹಳೆಯ ನಿಯಮ ಇದಕ್ಕೆ ಸಲ್ಲದು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬಾರದು, ಕಸದ ಬುಟ್ಟಿಗೂ ಎಸೆಯಬಾರದು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯದನ್ನು ಸಂಗ್ರಹಿಸುವ ಹೊಣೆ ತಯಾರಕರದು.

ಕೊನೆಯದಾಗಿ ಎಚ್ಚರದ ಮಾತು. ಸದ್ದು ಕಡಮೆಯೆಂದು ಇವನ್ನು ಆಟಿಕೆಯೆಂದು ಬಗೆಯಬಾರದು. ಹುಲ್ಲುಕತ್ತರಿಯ ದಾರ ಚಿಮ್ಮಿಸಿದ ಬೆಣಚುಕಲ್ಲೊಂದು ನಮ್ಮ ನೆರೆಮನೆಯ ಕಿಟಕಿಯ ಗಾಜನ್ನು ಒಡೆದಿದೆ. ಅಲ್ಲಿ ಮಗುವಿನ ಕಣ್ಣಿದ್ದಿದ್ದರೆ? ಕನ್ನಡಕ, ಬೂಟು ತೊಡದೆ ಯಂತ್ರ ಮುಟ್ಟಬಾರದು. ಮಕ್ಕಳನ್ನು ಹದಿನೈದು ಮೀಟರ್ ದೂರವಿಡಬೇಕು. ಹಲ್ಲಿಗೆ ಸಿಕ್ಕಿದ ಕಡ್ಡಿ ತೆಗೆಯುವ ಮುನ್ನ ಬ್ಯಾಟರಿಯನ್ನು ಕಳಚಬೇಕು. ಉದ್ದಕೋಲಿನ ಗರಗಸವನ್ನು ವಿದ್ಯುತ್ ತಂತಿಯ ಬಳಿಗೆ ಒಯ್ಯಲೇಬಾರದು.

ಕಳೆದ ವಾರ ಮಾಲಿಗೆ ಹಗುರವಾದ ಕತ್ತರಿಯೊಂದನ್ನು ತಂದುಕೊಟ್ಟೆ. ಬೇಲಿ ಮುಗಿಸಿ, ಬ್ಯಾಟರಿ ಕಳಚಿ, ಅಲಗನ್ನು ಎಣ್ಣೆ ಬಟ್ಟೆಯಿಂದ ಒರಸಿಟ್ಟು ಹೋದನು. ಈ ಸಲ ಭುಜದ ಮಾತು ಬರಲಿಲ್ಲ.